ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು ನೋಡಿದೆವು

ಬೆಂಗಳೂರು ನಮಗೆ ದೂರವಲ್ಲ. ದೊಡ್ಡಬಳ್ಳಾಪುರದಿಂದ ಸುಮಾರು 40 ಕಿಲೋಮೀಟರ್. ದೇವನಹಳ್ಳಿಯಿಂದಲೂ ಹೆಚ್ಚು ಕಡಿಮೆ ಅಷ್ಟೇ. ಹೊಸಕೋಟೆ, ನೆಲಮಂಗಲ ಇನ್ನೂ ಹತ್ತಿರ. ದಿನಾ ಬೆಳಗಿನ ಜಾವ ನಮ್ಮ ಕಡೆಯ ಹಾಲು, ಸೊಪ್ಪು, ಹೂವು, ದ್ರಾಕ್ಷಿ ಬೆಂಗಳೂರಿಗೆ ಹೋಗುತ್ತವೆ.

ನಾವೂ ಹೋಗುತ್ತೇವೆ. ಯಾತಕ್ಕೆ ಹೋಗುತ್ತೇವೆ? ಆಸ್ಪತ್ರೆಗೆ ಹೋಗುತ್ತೇವೆ. ಕೋರ್ಟಿಗೆ ಹೋಗುತ್ತೇವೆ. ಮದುವೆ ಜವಳಿ ತರೋಕೆ ಹೋಗುತ್ತೇವೆ. ನಮ್ಮ ಜಿಲ್ಲೆ 1986ರಲ್ಲಿ ಬೇರೆಯಾಯಿತು. ಆದರೆ ಜಿಲ್ಲಾ ಕಚೇರಿ ಬಹಳ ವರ್ಷ ಬೆಂಗಳೂರು ಪೇಟೆಯಲ್ಲೇ ಇತ್ತು. ಒಂದು ಸಹಿ ಬೇಕಾದರೂ ಅಲ್ಲಿಗೇ ಓಡಬೇಕಿತ್ತು. ಈಗ ಆ ಕಚೇರಿ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿದೆ. ಅಂತೂ ಬೆಂಗಳೂರು ಅಂದರೆ ನಮಗೆ ಕೆಲಸದ ಊರು. ಕೆಲಸ ಆಯಿತು ಅಂದರೆ ಸಿಕ್ಕಿದ ಬಸ್ಸು ಹತ್ತಿ ವಾಪಸ್ಸು.

ನೋಡೋಕೆ ಅಂತ ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ?

ನಮ್ಮ ಅತ್ತೆಯವರನ್ನೇ ತಗೊಳ್ಳಿ. ಇಪ್ಪತ್ತು ವರ್ಷ ಸೊಪ್ಪಿನ ಮೂಟೆ ಹೊತ್ತು ಮಾರ್ಕೆಟ್ಟಿಗೆ ಹೋದವರು. ಮಾರ್ಕೆಟ್ಟಿನಿಂದ ಲಾಲ್‌ಬಾಗ್‌ಗೆ ಹೆಚ್ಚು ದೂರವಿಲ್ಲ. "ಲಾಲ್‌ಬಾಗ್ ನೋಡಿದ್ದೀರಾ ಅತ್ತೆ?" ಅಂತ ಕೇಳಿದೆವು. "ಅಲ್ಲಿ ಸೊಪ್ಪು ಯಾರು ತಗೊಳ್ತಾರೆ?" ಅಂದರು.

ದಸರಾ ರಜೆಯಲ್ಲಿ ಹೊರಟೆವು. ನಾವು ಓರಗಿತ್ತಿಯರು ಇಬ್ಬರು, ನಮ್ಮ ಅತ್ತೆ, ನಾಲ್ಕು ಮಕ್ಕಳು. ದೊಡ್ಡ ಹುಡುಗಿಗೆ ಹತ್ತು ವರ್ಷ. ಹುಡುಗನಿಗೆ ಎಂಟು. ಚಿಕ್ಕ ಹುಡುಗಿಗೆ ಐದು. ಕೊನೆಯವನಿಗೆ ನಾಲ್ಕು. ಗಂಡಸರಿಗೆ ಮಗ್ಗ ಬಿಟ್ಟು ಬರೋಕೆ ಆಗಲಿಲ್ಲ. "ನಿಮ್ಮ ಕೈಲಿ ಆಗುತ್ತಾ?" ಅಂತ ಎರಡು ಸಲ ಕೇಳಿದರು. ಮೂರನೇ ಸಲ ಕೇಳಲಿಲ್ಲ.

ಹಿಂದಿನ ದಿನದ ಕೆಲಸ

ಏನೇನು ನೋಡಬೇಕು ಅಂತ ಮಕ್ಕಳನ್ನು ಕೇಳಿದೆವು. ಹುಲಿ, ಆನೆ, ವಿಮಾನ, ಮೆಟ್ರೋ ರೈಲು, ವಿಧಾನಸೌಧ, ಲಾಲ್‌ಬಾಗ್. ಸ್ಲೇಟಿನ ತುಂಬ ಬರೆದರು. ಅಷ್ಟೂ ಒಂದೇ ದಿನಕ್ಕೆ ಆಗುವ ಮಾತಲ್ಲ.

ಹುಲಿ, ಆನೆ ನೋಡಬೇಕಾದರೆ ಬನ್ನೇರುಘಟ್ಟಕ್ಕೆ ಹೋಗಬೇಕು. ಅದು ಬೆಂಗಳೂರಿನ ದಕ್ಷಿಣದ ಕೊನೆ. ನಾವು ಇರುವುದು ಉತ್ತರದ ಕಡೆ. ಇಡೀ ಪಟ್ಟಣ ದಾಟಿ ಹೋಗಬೇಕು. ಅದೊಂದಕ್ಕೇ ಒಂದು ದಿನ ಬೇಕು. ಮಂಗಳವಾರ ಅಲ್ಲಿ ರಜೆ. ಅದು ಗೊತ್ತಿಲ್ಲದೆ ಮಂಗಳವಾರ ಹೋಗಿ, ಬಾಗಿಲು ನೋಡಿಕೊಂಡು ಬಂದವರು ನಮ್ಮೂರಲ್ಲೇ ಇದ್ದಾರೆ.

ಚಿಕ್ಕ ಮಕ್ಕಳ ಕಾಲು ಚಿಕ್ಕದು. ನಾಲ್ಕು ಜಾಗ ಓಡಿಸಿದರೆ ಒಂದೂ ನೆನಪಿರಲ್ಲ. ಬಿಸಿಲು, ಅಳು ಅಷ್ಟೇ ನೆನಪಿರುತ್ತೆ. ಅದಕ್ಕೇ ಎರಡು ಜಾಗ ಆರಿಸಿದೆವು. ಲಾಲ್‌ಬಾಗ್, ವಿಧಾನಸೌಧ. ಎರಡರ ನಡುವೆ ಹೇಗೂ ಮೆಟ್ರೋ ಹತ್ತಬೇಕು. ಹಾಗಾಗಿ ಮೆಟ್ರೋ ನೋಡಿದ ಹಾಗೂ ಆಯಿತು.

ಆಮೇಲೆ ಚೀಟಿ ಬರೆದೆವು. ನಾಲ್ಕು ಮಕ್ಕಳಿಗೆ ನಾಲ್ಕು ಚೀಟಿ. ರಾತ್ರಿ ಕ್ಲಾಸಿನಲ್ಲಿ ಕಲಿತ ಅಕ್ಷರದಲ್ಲಿ ನಮ್ಮ ಕೈಯಲ್ಲೇ ಬರೆದೆವು. ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಊರು, ತಾಲ್ಲೂಕು, ಎರಡು ಫೋನ್ ನಂಬರು. ಅಕ್ಷರ ಸ್ವಲ್ಪ ಸೊಟ್ಟ. ಆದರೆ ಓದೋಕೆ ಬರುತ್ತೆ. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟು ಪಿನ್ನು ಹಾಕಿದೆವು. ಎದೆಯ ಮೇಲೆ ಕಾಣುವ ಹಾಗೆ ಹಾಕಲಿಲ್ಲ. ಹೆಸರು ಓದಿಕೊಂಡು ಕರೆಯುವವರನ್ನು ಮಕ್ಕಳು ನೆಂಟರು ಅಂದುಕೊಂಡುಬಿಡುತ್ತವೆ.

"ಕಳೆದುಹೋದರೆ ಏನು ಮಾಡ್ತೀಯ?" ಅಂತ ಒಬ್ಬೊಬ್ಬರನ್ನೇ ಕೇಳಿದೆವು. ಇದ್ದ ಜಾಗದಲ್ಲೇ ನಿಲ್ಲಬೇಕು. ಪೊಲೀಸರನ್ನೋ, ಮಗು ಎತ್ತಿಕೊಂಡಿರುವ ಹೆಂಗಸನ್ನೋ ಕೇಳಬೇಕು. ಜೇಬಿನ ಚೀಟಿ ತೋರಿಸಬೇಕು. ನಾಲ್ಕು ವರ್ಷದವನು ಮಾತ್ರ "ನಾನು ಕಳೆದುಹೋಗಲ್ಲ" ಅಂದ. ಅವನದು ಅಷ್ಟೇ ಉತ್ತರ.

ಬಸ್ಸಿನಲ್ಲಿ

ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರು ಶೂನ್ಯ ಟಿಕೆಟ್ ಕೊಡುತ್ತಾರೆ. ದುಡ್ಡಿಲ್ಲ ಅಂತ ಟಿಕೆಟ್ ಬಿಸಾಡಬೇಡಿ. ಚೆಕಿಂಗ್‌ನವರು ಬಂದರೆ ಅದನ್ನೇ ಕೇಳುತ್ತಾರೆ. ಎ.ಸಿ. ಬಸ್ಸಿಗೆ ಇದು ಇಲ್ಲ. ಮೆಟ್ರೋಗೂ ಇಲ್ಲ.

ಹೆಣ್ಣುಮಕ್ಕಳಿಗೂ ಇದು ಸಿಗುತ್ತೆ. ಅದಕ್ಕೆ ಹತ್ತು ವರ್ಷದವಳ ಆಧಾರ್ ಕಾರ್ಡು ಇಟ್ಟುಕೊಂಡಿದ್ದೆವು. ಎಂಟು ವರ್ಷದ ಹುಡುಗನಿಗೆ ಅರ್ಧ ಟಿಕೆಟ್. ಆರು ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ. "ನನಗೆ ಮಾತ್ರ ಯಾಕೆ ದುಡ್ಡು?" ಅಂತ ಹುಡುಗ ಮುಖ ಊದಿಸಿಕೊಂಡ. ಅತ್ತೆ ನಕ್ಕರು. "ಇಷ್ಟು ವರ್ಷ ನಾವು ಕೊಟ್ಟಿದ್ದೀವಿ, ಈಗ ನೀನು ಕೊಡಪ್ಪ" ಅಂದರು.

ಕಿಟಕಿ ಪಕ್ಕ ಕೂತು ದಾರಿಯ ಬೋರ್ಡು ಓದಿದೆವು. ರಾಜಾನುಕುಂಟೆ. ಯಲಹಂಕ. ಹೆಬ್ಬಾಳ. ದೊಡ್ಡ ಹುಡುಗಿ ನಮಗಿಂತ ಜೋರು. ಬೋರ್ಡು ಕಂಡ ಕೂಡಲೇ ಹೇಳಿಬಿಡುತ್ತಾಳೆ. ನಾವು ಅಕ್ಷರ ಕೂಡಿಸುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತೆ. ಮೇಖ್ರಿ ವೃತ್ತ ಬರುವ ಹೊತ್ತಿಗೆ ನಾವೂ ಒಂದೆರಡು ಗೆದ್ದೆವು.

ಮೇಖ್ರಿ ವೃತ್ತದ ಹತ್ತಿರ ಕೆಂಪೇಗೌಡರ ಹೆಸರಿನ ಒಂದು ಗೋಪುರ ಇದೆ. ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ. ಅವರ ಹಿರಿಯರು ಎಲ್ಲಿಯವರು ಗೊತ್ತಾ? ನಮ್ಮ ದೇವನಹಳ್ಳಿ ಪಕ್ಕದ ಆವತಿಯವರು. ಊರಿನ ನಾಲ್ಕು ದಿಕ್ಕಿಗೆ ಇಂಥ ನಾಲ್ಕು ಗೋಪುರ ಇವೆ. ಇಲ್ಲೊಂದು, ಲಾಲ್‌ಬಾಗ್‌ನಲ್ಲೊಂದು, ಹಲಸೂರು ಕೆರೆ ಹತ್ತಿರ ಒಂದು, ಕೆಂಪಾಂಬುಧಿ ಕೆರೆ ಹತ್ತಿರ ಒಂದು. ಈಗ ಊರು ಆ ಗೋಪುರಗಳನ್ನು ದಾಟಿ ನಮ್ಮ ಹೊಲದ ಬದುವಿನ ತನಕ ಬಂದಿದೆ.

ಒಂದು ಜಾಗ, ಎರಡು ಹೆಸರು

ಇದನ್ನು ಹೊಸದಾಗಿ ಓದಲು ಕಲಿತವರು ಗಮನಿಸಬೇಕು. ನಾವು ಬಾಯಲ್ಲಿ ಹೇಳುವ ಹೆಸರು ಬೇರೆ. ಬೋರ್ಡಿನ ಮೇಲೆ ಬರೆದಿರುವ ಹೆಸರು ಬೇರೆ.

ನಾವೆಲ್ಲ ಮೆಜೆಸ್ಟಿಕ್ ಅನ್ನುತ್ತೇವೆ. ಅದು ಹಿಂದೆ ಅಲ್ಲಿದ್ದ ಒಂದು ಸಿನಿಮಾ ಟಾಕೀಸಿನ ಹೆಸರು. ಬಸ್ ನಿಲ್ದಾಣದ ಹೆಸರು ಕೆಂಪೇಗೌಡ ಬಸ್ ನಿಲ್ದಾಣ. ಅದಕ್ಕೂ ಮುಂಚೆ ಆ ಜಾಗದಲ್ಲಿ ಧರ್ಮಾಂಬುಧಿ ಅನ್ನುವ ಕೆರೆ ಇತ್ತು. ನಾವು ಮಾರ್ಕೆಟ್ ಅನ್ನುತ್ತೇವೆ. ಬೋರ್ಡಿನಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಅಂತ ಇರುತ್ತೆ. ಬೋರ್ಡಿನಲ್ಲಿ ಮೆಜೆಸ್ಟಿಕ್ ಅಂತ ಇಲ್ಲ ಎಂದು ಗಾಬರಿ ಆಗಬೇಡಿ. ಪೂರ್ತಿ ಓದಿ.

ಮೆಜೆಸ್ಟಿಕ್‌ನಲ್ಲಿ ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ. ಮಕ್ಕಳಿಗೆ ಹೊಟ್ಟೆ ತುಂಬಿಸಿ, ಶೌಚಾಲಯಕ್ಕೆ ಕರೆದುಕೊಂಡು ಹೋಗಿ, ಆಮೇಲೆ ಮುಂದಕ್ಕೆ ನಡೆದೆವು. ಶೌಚಾಲಯದ ಬಾಗಿಲಲ್ಲಿ ಮಹಿಳೆಯರು, ಪುರುಷರು ಅಂತ ಬರೆದಿರುತ್ತೆ. ಮೊದಲು ನಾವು ಅಲ್ಲಿನ ಚಿತ್ರ ನೋಡುತ್ತಿದ್ದೆವು. ಚಿತ್ರ ಅಳಿಸಿಹೋಗಿದ್ದರೆ ಯಾರಾದರೂ ಹೆಂಗಸರು ಒಳಗೆ ಹೋಗುವ ತನಕ ಕಾಯುತ್ತಿದ್ದೆವು.

ನೆಲದ ಕೆಳಗಿನ ರೈಲು

ಬೆಂಗಳೂರಿನ ಮೆಟ್ರೋ ಶುರುವಾದದ್ದು 2011ರ ಅಕ್ಟೋಬರ್ 20ರಂದು. ಲಾಲ್‌ಬಾಗ್ ಕಡೆ ಹೋಗುವ ದಾರಿ 2017ರಲ್ಲಿ ಆಯಿತು. ಒಂದೊಂದು ದಾರಿಗೆ ಒಂದೊಂದು ಬಣ್ಣ. ಹಸಿರು ಮಾರ್ಗ, ನೇರಳೆ ಮಾರ್ಗ. ಮೆಜೆಸ್ಟಿಕ್‌ನಲ್ಲಿ ಈ ಎರಡೂ ಕೂಡುತ್ತವೆ. ನೆಲಮಂಗಲದ ಕಡೆಯವರಿಗೆ ಇನ್ನೂ ಅನುಕೂಲ. 2024ರ ನವೆಂಬರ್‌ನಿಂದ ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದ ತನಕ ಬಂದಿದೆ.

ತಾನೇ ನಡೆಯುವ ಮೆಟ್ಟಿಲು ನೋಡಿ ಅತ್ತೆ ನಿಂತುಬಿಟ್ಟರು. ಅದಕ್ಕೆ ಎಸ್ಕಲೇಟರ್ ಅನ್ನುತ್ತಾರೆ. ಹೆದರಿಕೆ ಆದರೆ ಹತ್ತಲೇಬೇಕು ಅಂತ ಇಲ್ಲ. ಪಕ್ಕದಲ್ಲಿ ಸಾದಾ ಮೆಟ್ಟಿಲು ಇರುತ್ತೆ. ಲಿಫ್ಟೂ ಇರುತ್ತೆ. ಹತ್ತುವುದಾದರೆ ಸೀರೆಯ ನೆರಿಗೆ, ಸೆರಗು ಎತ್ತಿ ಕೈಯಲ್ಲಿ ಹಿಡಿದುಕೊಳ್ಳಿ. ಮೆಟ್ಟಿಲಿನ ಸಂದಿಗೆ ಬಟ್ಟೆ ಸಿಕ್ಕಿಕೊಳ್ಳುತ್ತೆ. ಮಕ್ಕಳ ಚಪ್ಪಲಿಯ ತುದಿಯೂ ಸಿಕ್ಕಿಕೊಳ್ಳುತ್ತೆ. ಮಕ್ಕಳನ್ನು ಅಲ್ಲಿ ಕೂರಲು ಬಿಡಬೇಡಿ. ನಮ್ಮ ಅತ್ತೆ ಸಾದಾ ಮೆಟ್ಟಿಲು ಇಳಿದು ಬಂದರು. ಅಷ್ಟರಲ್ಲಿ ನಾವು ಟಿಕೆಟ್ ತಗೊಂಡೆವು.

ರೈಲು ಬರುವ ಕಡೆ ಹಳದಿ ಗೆರೆ ಇರುತ್ತೆ. ಗೆರೆಯ ಈಚೆ ನಿಲ್ಲಬೇಕು. ಮೊದಲ ಬೋಗಿ ಹೆಂಗಸರಿಗೆ. ರೈಲಿನಲ್ಲಿ ತಿನ್ನುವ ಹಾಗಿಲ್ಲ.

ಮೆಜೆಸ್ಟಿಕ್ ಆದ ಮೇಲೆ ಚಿಕ್ಕಪೇಟೆ. ಅದಾದ ಮೇಲೆ ರೈಲು ಇನ್ನೊಂದು ಕಡೆ ನಿಂತಿತು. ಬಾಗಿಲಿನಾಚೆ ಗೋಡೆಯ ಮೇಲೆ ದೊಡ್ಡ ಅಕ್ಷರ. ಅತ್ತೆಯವರು ಈ ವರ್ಷ ನಮ್ಮ ಜೊತೆಯಲ್ಲೇ ಕ್ಲಾಸಿಗೆ ಬಂದವರು. ಅವರೇ ನಿಧಾನವಾಗಿ ಓದಿದರು. "ಕೃಷ್ಣ... ರಾಜೇಂದ್ರ... ಮಾರು... ಕಟ್ಟೆ." ಓದಿ ಸುಮ್ಮನಾದರು. ಆಮೇಲೆ ತಲೆ ಎತ್ತಿ ಮೇಲೆ ನೋಡಿದರು. "ಅಂದ್ರೆ ನಾನು ಸೊಪ್ಪು ಹಾಕ್ಕೊಂಡು ಕೂತಿದ್ದ ಜಾಗ ಈಗ ನಮ್ಮ ನೆತ್ತಿ ಮೇಲೈತಾ?" ಅಂದರು. ಹೌದು ಅತ್ತೆ ಅಂದೆವು. "ಮಳೆ ಬಂದ್ರೆ ಅಲ್ಲಿ ಮೊಣಕಾಲುದ್ದ ಕೆಸರಾಗ್ತಿತ್ತು" ಅಂದರು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ರೈಲು ನೆಲದೊಳಗಿಂದ ಮೇಲೆ ಬಂದು ಕಂಬಗಳ ಮೇಲೆ ಓಡಿತು. ಮಕ್ಕಳು ಕೂಗಿದರು. ನ್ಯಾಷನಲ್ ಕಾಲೇಜು ಆಯಿತು. ಲಾಲ್‌ಬಾಗ್ ಬಂತು.

ಲಾಲ್‌ಬಾಗ್

ಲಾಲ್‌ಬಾಗ್ ತೋಟ ಶುರು ಮಾಡಿದ್ದು ಹೈದರಾಲಿ, 1760ರಲ್ಲಿ. ಬೆಳೆಸಿದ್ದು ಅವನ ಮಗ ಟಿಪ್ಪು. ಟಿಪ್ಪು ಹುಟ್ಟಿದ್ದು ನಮ್ಮ ದೇವನಹಳ್ಳಿಯಲ್ಲಿ. ಈಗ ತೋಟ 240 ಎಕರೆ ಇದೆ. ನಮ್ಮ ಹೊಲ ಎರಡು ಎಕರೆ. ಅಂಥ ನೂರಿಪ್ಪತ್ತು ಹೊಲ ಸೇರಿದರೆ ಲಾಲ್‌ಬಾಗ್. ಒಳಗೆ ಹೋಗಲು ಶುಲ್ಕ ಇದೆ. ಎಷ್ಟು ಅಂತ ಬಾಗಿಲಲ್ಲಿ ಬರೆದಿರುತ್ತೆ. ಓದಿಕೊಂಡು, ಚಿಲ್ಲರೆ ಎಣಿಸಿ ಕೊಡಿ.

ಗಾಜಿನ ಮನೆ ನೋಡಿದೆವು. ಅದಕ್ಕೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ವರ್ಷಕ್ಕೆ ಎರಡು ಸಲ ಅಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತೆ. ಜನವರಿಯ ಗಣರಾಜ್ಯ ದಿನಕ್ಕೆ ಒಂದು, ಆಗಸ್ಟಿನ ಸ್ವಾತಂತ್ರ್ಯ ದಿನಕ್ಕೆ ಒಂದು. ಆಗ ಜನ ಜಾತ್ರೆಯ ಹಾಗೆ ಸೇರುತ್ತಾರೆ. ಚಿಕ್ಕ ಮಕ್ಕಳು ಇದ್ದರೆ ಬೇರೆ ದಿನ ಹೋಗುವುದೇ ವಾಸಿ ಅಂತ ನಮಗೆ ಅನ್ನಿಸುತ್ತೆ. ಹೂವು ಎಲ್ಲ ದಿನವೂ ಇರುತ್ತೆ.

ಮರಗಳಿಗೆ ಹೆಸರಿನ ಫಲಕ ಹಾಕಿದ್ದಾರೆ. ಒಂದು ಬೂರುಗದ ಮರ ಇದೆ. ಅದರ ಬೇರು ಗೋಡೆಯ ಹಾಗೆ ಎದ್ದು ನಿಂತಿದೆ. ನಾಲ್ಕು ಮಕ್ಕಳೂ ಒಂದೊಂದು ಬೇರಿನ ಹಿಂದೆ ಅಡಗಿ ಕೂತವು. ಕಣ್ಣಾಮುಚ್ಚಾಲೆ ಆಡಿದವು. ಅರ್ಧ ಗಂಟೆ ಅಲ್ಲೇ ಕಳೆಯಿತು. ಕಳೆಯಲಿ ಬಿಡಿ, ಮಕ್ಕಳಿಗೆ ಅದೇ ಬೇಕಾದದ್ದು.

ಲಾಲ್‌ಬಾಗ್‌ನಲ್ಲಿ ಕೆಲಸ ಮಾಡಿದ ಒಬ್ಬರ ಹೆಸರು ನಮ್ಮ ರೈತ ಹೆಂಗಸರು ತಿಳಿದಿರಬೇಕು. ಡಾ. ಎಂ.ಎಚ್. ಮರಿಗೌಡರು. ತೋಟಗಾರಿಕೆ ಇಲಾಖೆಯನ್ನು ಬೆಳೆಸಿದವರು. 1959ರಲ್ಲಿ ಬೆಂಗಳೂರು ಸುತ್ತಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಶುರುವಾಯಿತು. ಅದರ ಹಿಂದೆ ಇದ್ದವರು ಅವರೇ. ಆ ಸಂಘವೇ ಬೆಳೆದು ಹಾಪ್‌ಕಾಮ್ಸ್ ಆಯಿತು. ನಮ್ಮ ಕಡೆಯ ಹಣ್ಣು ತರಕಾರಿ ಅದರ ಅಂಗಡಿಗಳಿಗೂ ಹೋಗುತ್ತೆ.

ಆಮೇಲೆ ಬಂಡೆ ಹತ್ತಿದೆವು. ಬಂಡೆಯ ಮೇಲೆ ಕೆಂಪೇಗೌಡರ ಗೋಪುರ ಇದೆ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಇದನ್ನು ರಾಷ್ಟ್ರೀಯ ಸ್ಮಾರಕ ಅಂತ ಕಾಪಾಡಿದ್ದಾರೆ. ಅತ್ತೆ ಬಂಡೆಯ ಮೇಲೆ ಕಾಲು ಚಾಚಿ ಕೂತರು. ಕೈಯಿಂದ ಕಲ್ಲು ಸವರಿದರು. "ನಮ್ಮೂರ ಬಂಡೆನೂ ಹಿಂಗೇ ಐತೆ. ಅದಕ್ಕೂ ಅಷ್ಟೇ ವಯಸ್ಸಿರಬೇಕು. ಅದನ್ನ ಮಾತ್ರ ಒಡೆದು ಜಲ್ಲಿ ಮಾಡ್ತಾವ್ರೆ" ಅಂದರು.

ಹಸಿರು ಸೀರೆ

ಬಂಡೆ ಇಳಿಯುವಾಗ ಒಂದು ಶಾಲೆಯ ಮಕ್ಕಳ ದಂಡು ಎದುರಿಗೆ ಬಂತು. ದಂಡು ದಾಟಿದ ಮೇಲೆ ಎಣಿಸಿದೆವು. ಒಂದು, ಎರಡು, ಮೂರು. ಐದು ವರ್ಷದವಳು ಇಲ್ಲ.

ಆ ಹೊತ್ತನ್ನು ಹೇಗೆ ಹೇಳೋದು? ಅತ್ತೆಯನ್ನು ಮೂರು ಮಕ್ಕಳ ಜೊತೆ ಬಂಡೆಯ ಕೆಳಗೇ ಕೂರಿಸಿದೆವು. ಕಳೆದುಹೋದ ಮಗು ಹುಡುಕಿಕೊಂಡು ಬಂದರೆ ಅಲ್ಲಿ ಒಬ್ಬರು ಇರಬೇಕು. ನಾವಿಬ್ಬರು ಒಂದೊಂದು ದಿಕ್ಕಿಗೆ ಓಡಿದೆವು. ಹೆಸರು ಹಿಡಿದು ಕೂಗಿದೆವು. ಗಂಟಲು ಒಣಗಿತು. ಇಷ್ಟು ಜನದಲ್ಲಿ ಒಂದು ಮಗುವನ್ನು ಹೇಗೆ ಹುಡುಕೋದು? ಮನೆಗೆ ಹೋಗಿ ಏನು ಹೇಳೋದು? ಕಾಲು ಓಡುತ್ತಿದ್ದರೂ ತಲೆಯಲ್ಲಿ ಅದೇ ಮಾತು.

ಫೋನು ಬಡಿಯಿತು. ಹೊಸ ನಂಬರು. ಆ ಕಡೆ ಒಬ್ಬ ಹೆಂಗಸು. "ನಾನು ಇಲ್ಲಿ ತೋಟದ ಕೆಲಸದವಳು ಕಣಮ್ಮ. ನಿಮ್ಮ ಮಗಳು ಹೂವಿನ ಗಡಿಯಾರದ ಹತ್ತಿರ ನನ್ನ ಜೊತೆ ಅವಳೆ. ಅಳಬೇಡಿ, ನಿಧಾನಕ್ಕೆ ಬನ್ನಿ."

ಹೋದಾಗ ಮಗು ಕಡಲೆಕಾಯಿ ತಿನ್ನುತ್ತಾ ನಿಂತಿತ್ತು. ಹಸಿರು ಸೀರೆ ಉಟ್ಟ ಯಾರದೋ ಹಿಂದೆ ನಡೆದಿತ್ತು. ಅದರ ಅಮ್ಮನದೂ ಅವತ್ತು ಹಸಿರು ಸೀರೆ. ಮುಖ ನೋಡಿದಾಗ ಬೇರೆ ಯಾರೋ. ಅಲ್ಲೇ ನಿಂತು ಅತ್ತಿತ್ತು. ಆ ಕೆಲಸದ ಹೆಂಗಸು ಜೇಬು ನೋಡಿ, ಪಿನ್ನು ತೆಗೆದು, ಚೀಟಿ ಓದಿ ಫೋನು ಮಾಡಿದರು. "ಯಾರು ಬರೆದದ್ದು ಇದು?" ಅಂತ ಕೇಳಿದರು. ನಾವೇ ಅಂದೆವು. "ನಂಬರು ಚೆನ್ನಾಗಿ ಕಾಣ್ತು. ನಾನೂ ದೊಡ್ಡವಳಾದ ಮೇಲೇ ಕಲಿತದ್ದು" ಅಂದರು. ಅವರ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆವು. ಮಾತು ಬರಲಿಲ್ಲ.

ಎರಡು ನಂಬರು ನೆನಪಿಡಿ. 1098 ಮಕ್ಕಳ ಸಹಾಯವಾಣಿ. 112 ಪೊಲೀಸ್, ಬೆಂಕಿ, ಆಂಬುಲೆನ್ಸ್ ಎಲ್ಲಕ್ಕೂ. ಎರಡಕ್ಕೂ ದುಡ್ಡಿಲ್ಲ.

ವಿಧಾನಸೌಧದ ಮುಂದೆ

ಮಧ್ಯಾಹ್ನ ಒಂದು ದರ್ಶಿನಿಯಲ್ಲಿ ತಿಂದೆವು. ಗೋಡೆಯ ಮೇಲೆ ತಿಂಡಿಯ ಹೆಸರು, ಪಕ್ಕದಲ್ಲಿ ಬೆಲೆ. ಮೊದಲು ಓದಿ ಲೆಕ್ಕ ಹಾಕಿ, ಆಮೇಲೆ ಹೇಳಿದೆವು. ಬಿಲ್ಲು ನೋಡಿ ಎದೆ ಧಸಕ್ಕೆನ್ನಲಿಲ್ಲ.

ಮತ್ತೆ ಮೆಟ್ರೋ. ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಬದಲಾದೆವು. ಎರಡನೇ ನಿಲ್ದಾಣವೇ ವಿಧಾನಸೌಧ. ಬೋರ್ಡಿನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ ಅಂತಲೂ ಇರುತ್ತೆ. ಇಲ್ಲೂ ಎರಡು ಹೆಸರು ನೋಡಿ.

ವಿಧಾನಸೌಧಕ್ಕೆ 1951ರಲ್ಲಿ ಪ್ರಧಾನಿ ನೆಹರು ಅಡಿಗಲ್ಲು ಹಾಕಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಮುಂದೆ ನಿಂತು ದೊಡ್ಡದಾಗಿ ಕಟ್ಟಿಸಿದರು. 1956ರಲ್ಲಿ ಮುಗಿಯಿತು. ಹೆಸರಘಟ್ಟ, ಮಲ್ಲಸಂದ್ರದ ಕಡೆಯ ಕಲ್ಲು ತಂದರು. ಮುಂದೆ ಹನ್ನೆರಡು ದೊಡ್ಡ ಕಂಬ. ಹುಡುಗ ಎರಡು ಸಲ ಎಣಿಸಿದ. ಎದುರಿಗೆ ಕೆಂಪು ಕಟ್ಟಡ. ಅದು ಹೈಕೋರ್ಟು. ಹಿಂದೆ ಅಲ್ಲಿ ಹದಿನೆಂಟು ಕಚೇರಿ ಇದ್ದವು. ಅದಕ್ಕೇ ಅಠಾರಾ ಕಚೇರಿ ಅಂತ ಹೆಸರು.

ಕಟ್ಟಡದ ಮೇಲೆ ಕಲ್ಲಿನಲ್ಲಿ ಬರೆದಿದ್ದಾರೆ: ಸರ್ಕಾರದ ಕೆಲಸ ದೇವರ ಕೆಲಸ. ರಸ್ತೆಯಲ್ಲಿ ನಿಂತೇ ಓದಬಹುದು. ನಾವೆಲ್ಲ ಒಟ್ಟಿಗೆ ಓದಿದೆವು. ಅತ್ತೆ ಇನ್ನೊಂದು ಸಲ ಓದಿದರು. "ಹಂಗಾದ್ರೆ ನನ್ನ ಪಿಂಚಣಿ ಅರ್ಜಿ ಯಾವ ದೇವರ ಹತ್ರ ಕೂತೈತೋ" ಅಂದರು. ಪಕ್ಕದಲ್ಲಿದ್ದ ಪೊಲೀಸಪ್ಪನೂ ನಕ್ಕರು.

ಈ ಮನೆಯಲ್ಲಿ ವಿಧಾನಸಭೆ ಸೇರುತ್ತೆ. 224 ಜನರನ್ನು ನಾವು ಓಟು ಹಾಕಿ ಕಳಿಸುತ್ತೇವೆ. 1972ರಲ್ಲಿ ಕೆ.ಎಸ್. ನಾಗರತ್ನಮ್ಮನವರು ಸಭಾಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಅವರು. ದೊಡ್ಡ ಹುಡುಗಿ ಕೇಳಿದಳು, "ಅವರು ಹೇಳಿದ್ರೆ ಗಂಡಸರೆಲ್ಲ ಕೂತ್ಕೋಬೇಕಿತ್ತಾ?" ಹೌದು. ಕೂರಬೇಕಿತ್ತು.

ವಾಪಸ್ಸು

ನಾಲ್ಕು ಗಂಟೆಗೆ ಹೊರಟೆವು. ಆಫೀಸು ಬಿಡುವ ಹೊತ್ತಾದರೆ ಮಕ್ಕಳಿಗೆ ನಿಲ್ಲಲೂ ಜಾಗ ಇರಲ್ಲ. ನಿಲ್ದಾಣದಲ್ಲಿ ಒಂದು ಬಸ್ಸು ಹೊರಡುತ್ತಿತ್ತು. ಜನ ನುಗ್ಗುತ್ತಿದ್ದರು. ನಾವೂ ಓಡಿದೆವು. ಅತ್ತೆ ಸೆರಗು ಹಿಡಿದು ಎಳೆದರು. "ತಡಿರಮ್ಮ, ಮೊದಲ ಅಕ್ಷರ ನೋಡಿ" ಅಂದರು. ಬೋರ್ಡಿನಲ್ಲಿ ಕೊನೆಗೆ ಬಳ್ಳಾಪುರ ಅಂತಲೇ ಇತ್ತು. ಆದರೆ ಮುಂದೆ ಇದ್ದದ್ದು ದೊಡ್ಡ ಅಲ್ಲ, ಚಿಕ್ಕ. ಚಿಕ್ಕಬಳ್ಳಾಪುರದ ಬಸ್ಸು. ಅದು ದೇವನಹಳ್ಳಿ ದಾರಿಯಲ್ಲಿ ಹೋಗುತ್ತೆ. ನಮ್ಮ ಬಸ್ಸು ಹತ್ತು ನಿಮಿಷದ ಮೇಲೆ ಬಂತು. ಎಲ್ಲರಿಗೂ ಸೀಟು ಸಿಕ್ಕಿತು.

ಮುಂದಿನ ಸಲ ಕಬ್ಬನ್ ಪಾರ್ಕಿನ ಹತ್ತಿರ ಇರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ನೋಡಬೇಕು ಅಂತ ಹುಡುಗ ಈಗಲೇ ಹಟ ಹಿಡಿದಿದ್ದಾನೆ. ಅಲ್ಲಿ ಯಂತ್ರಗಳು ಇವೆ. ಯಾವ ದಿನ ರಜೆ ಅಂತ ವಿಚಾರಿಸುವ ಕೆಲಸ ಅವನಿಗೇ ವಹಿಸಿದ್ದೇವೆ.

ಓದಿ, ಬರೆಯಿರಿ

1. ಈ ಪದಗಳನ್ನು ಜೋರಾಗಿ ಓದಿ: ಪ್ರವೇಶ, ನಿರ್ಗಮನ, ವಿಚಾರಣೆ, ಮಹಿಳೆಯರು, ಕುಡಿಯುವ ನೀರು, ಟಿಕೆಟ್ ಕೌಂಟರ್, ಶೌಚಾಲಯ.

2. ನಿಮ್ಮ ಊರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಬರುವ ಐದು ಊರುಗಳ ಹೆಸರು ಬರೆಯಿರಿ.

3. ನಿಮ್ಮ ಮಗುವಿಗೆ ಒಂದು ಚೀಟಿ ಬರೆಯಿರಿ.

ಮಗುವಿನ ಹೆಸರು: ...............
ತಾಯಿಯ ಹೆಸರು: ...............
ತಂದೆಯ ಹೆಸರು: ...............
ಊರು, ತಾಲ್ಲೂಕು: ...............
ಫೋನ್ 1: ...............
ಫೋನ್ 2: ...............